ಎಂಟೂವರೆಗೆ ನಿಂತ ಮೈಲೇಜು

ಸೋಮವಾರ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದು ಊದುಬತ್ತಿ ಹಚ್ಚುವಷ್ಟರಲ್ಲಿ ಆ ಬಿಳಿ ಅಂಬಾಸಿಡರ್ ಬಂದು ನಿಂತಿತು. ಹಿಂದಿನ ಸೀಟಿನಿಂದ ಯಜಮಾನರು ಇಳಿದರು. ಕೈಯಲ್ಲಿ ಒಂದು ನೋಟ್‌ಬುಕ್ಕು ಇತ್ತು. ಗಾಡಿ ತರುವವರು ನೋಟ್‌ಬುಕ್ಕು ಹಿಡಿದು ಗ್ಯಾರೇಜಿಗೆ ಬಂದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ನಾನು ಗಾಡಿಯ ಸದ್ದು ಕೇಳಿ ಕಾಯಿಲೆ ಹೇಳುವವನು, ಬರೆದುಕೊಂಡು ಬಂದದ್ದನ್ನು ಓದಿ ಹೇಳುವವನಲ್ಲ ಎಂಬ ಜಂಬ ಆಗ ಸ್ವಲ್ಪ ಜಾಸ್ತಿಯೇ ಇತ್ತು.

ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ, ಪಂಕ್ಚರ್ ಅಂಗಡಿಯ ಪಕ್ಕದಲ್ಲಿ ನನ್ನ ಗ್ಯಾರೇಜು. ಕೊಲ್ಲಿಯ ಕಡೆ ಯುದ್ಧದ ಗಲಾಟೆಯಾಗಿ ಪೆಟ್ರೋಲು ದುಬಾರಿಯಾಗಿದ್ದ ಕಾಲ ಅದು. ಯಜಮಾನರಿಗೆ ಹದಿನಾರು ಪವರ್‌ಲೂಮ್‌ಗಳಿದ್ದವು. ವಾರಕ್ಕೆರಡು ಸಲ ಸೀರೆ ಗಂಟುಗಳನ್ನು ಹಾಕಿಕೊಂಡು ಬೆಂಗಳೂರಿನ ಚಿಕ್ಕಪೇಟೆಗೆ, ಆಗಾಗ ಹುರಿ ಮಾಡಿದ ರೇಷ್ಮೆ ತರಲು ಹತ್ತಿರದ ವಿಜಯಪುರಕ್ಕೆ ಹೋಗಿಬರುವುದು ಆ ಕಾರಿನ ಕೆಲಸ. ಏಳು ವರ್ಷದಿಂದ ಅದಕ್ಕೆ ನನ್ನದೇ ಕೈ.

"ಮೇಸ್ತ್ರಿ, ಗಾಡಿ ಲೀಟ್ರಿಗೆ ಹತ್ತು ಕೊಡ್ತಿತ್ತು. ಈಗ ಎಂಟಕ್ಕೆ ಬಂದೈತೆ," ಎಂದರು.

"ಯಾವತ್ತಿಂದ?"

"ಮೀಟ್ರು ಒಂದು ತಿಂಗಳು ಕೆಟ್ಟು ನಿಂತಿತ್ತಲ್ಲ, ನೀನೇ ರಿಪೇರಿ ಮಾಡ್ಕೊಟ್ಟೆ. ಅವತ್ತಿಂದ ಬರ್ಕೊಂಡು ಬರ್ತಾ ಇದೀನಿ. ಪ್ರತಿ ಸಲಾನೂ ಬಂಕಲ್ಲಿ ನಾನೇ ನಿಂತು ಬಾಯಿಮಟ್ಟ ತುಂಬಿಸ್ತೀನಿ. ಒಂದು ಸಲಾನೂ ಎಂಟೂಕಾಲು ದಾಟಿಲ್ಲ."

ಆಮೇಲೆ ನನ್ನ ಹೆಗಲ ಮೇಲೆ ಕೈಹಾಕಿ ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದರು. ಡ್ರೈವರ್ ಸ್ಟೇರಿಂಗಿನ ಹಿಂದೆಯೇ ಕೂತಿದ್ದ. ಆತ ಹೊಸಬ. ಹಳೆಯ ಡ್ರೈವರಿಗೆ ಸರ್ಕಾರಿ ಬಸ್ಸಿನಲ್ಲಿ ಕೆಲಸ ಸಿಕ್ಕಿ ಬಿಟ್ಟುಹೋದ ಮೇಲೆ, ಮೀಟರು ಕೆಟ್ಟು ನಿಂತಿದ್ದ ಆ ತಿಂಗಳಲ್ಲೇ ಸೇರಿಕೊಂಡವನು. ಕುಂದಾಣದ ಹತ್ತಿರದ ಹಳ್ಳಿಯಿಂದ ದಿನಾ ಬಸ್ಸು ಹಿಡಿದು ಬರುತ್ತಿದ್ದ. ವಯಸ್ಸು ನಲವತ್ತೈದು ದಾಟಿರಬೇಕು. ಇಪ್ಪತ್ತು ವರ್ಷ ಲಾರಿ ಓಡಿಸಿ ಸೊಂಟ ಕೆಟ್ಟು, ಡಾಕ್ಟರು ಇನ್ನು ಲಾರಿ ಹತ್ತಬೇಡ ಎಂದ ಮೇಲೆ ಕಾರಿಗೆ ಬಂದಿದ್ದ.

"ಇವ್ನು ಬಂದ್ಮೇಲೇ ಹಿಂಗಾಗಿರೋದು," ಎಂದರು ಯಜಮಾನರು. "ಓಡಿಸೋದ್ರಲ್ಲಿ ಹೆಸರಿಡಂಗಿಲ್ಲ. ಹಳಬ ಚಿಕ್ಕಪೇಟೆಗೆ ಹೋಗಿ ಬರೋಕೆ ಎಂಬತ್ತೆರಡು ಕಿಲೋಮೀಟ್ರು ಓಡಿಸ್ತಿದ್ದ, ನನ್ನ ಅಂಗಡೀಲಿ ಇಳಿಸಿ ಎಲ್ಲೆಲ್ಲಿ ಸುತ್ತುತಿದ್ನೋ ಏನೋ. ಇವ್ನು ಎಪ್ಪತ್ತರಲ್ಲಿ ಮುಗಿಸ್ತಾನೆ. ದಾರಿ ಬಲ್ಲ. ಆದ್ರೆ ನಾನು ಅಂಗಡೀಲಿ ಕೂತಿರೋ ಹೊತ್ತಲ್ಲಿ ಟ್ಯಾಂಕಿಗೆ ಪೈಪು ಹಾಕಿದ್ರೆ ನಂಗೇನು ಗೊತ್ತಾಗ್ತದೆ?"

"ಕಣ್ಣಾರೆ ನೋಡಿದ್ರಾ?"

"ಇಲ್ಲ ಕಣಯ್ಯ. ಅದಕ್ಕೇ ನಿನ್ನ ಹತ್ರ ಬಂದಿರೋದು. ಗಾಡೀಲಿ ದೋಷ ಇದ್ರೆ ಸರಿ ಮಾಡು. ಇಲ್ಲ ಅಂದ್ರೆ ಇಲ್ಲ ಅಂತ ಹೇಳು. ಆಮೇಲೆ ನಂಗೆ ಬಿಡು."

ಅವರು ಆಟೋದಲ್ಲಿ ಮನೆಗೆ ಹೋದರು. ನಮ್ಮೂರಲ್ಲಿ ಆಗ ಕಾರಿದ್ದವರು ಬೆರಳೆಣಿಕೆಯಷ್ಟು. ಹೆಚ್ಚಿನವರು ಸೀರೆ ವ್ಯಾಪಾರದವರೇ, ಎಲ್ಲರೂ ಒಬ್ಬರಿಗೊಬ್ಬರು ನೆಂಟರು ಇಲ್ಲವೇ ಬಳಕೆಯವರು. ಪೆಟ್ರೋಲು ಕದ್ದನೆಂದು ಒಂದು ಮನೆಯಲ್ಲಿ ಬಿಡಿಸಿದರೆ ಇನ್ನೊಂದು ಮನೆಯಲ್ಲಿ ಕೀಲಿ ಕೊಡುವವರಿಲ್ಲ. ಲಾರಿಗೆ ಹೋಗಲು ಸೊಂಟವಿಲ್ಲ. ಹಾಗಾಗಿ ನನ್ನ ಒಂದು ಮಾತಿನ ಮೇಲೆ ಆ ಮನುಷ್ಯನ ಅನ್ನ ನಿಂತಿತ್ತು. ಇದು ಡ್ರೈವರಿಗೂ ಗೊತ್ತಿತ್ತು. ಕೀಲಿ ಕೊಡುವಾಗ "ಚೆನ್ನಾಗಿ ನೋಡಿ, ಮೇಸ್ತ್ರಿ" ಎಂದಷ್ಟೇ ಹೇಳಿ ಪಂಕ್ಚರ್ ಅಂಗಡಿಯ ಬೆಂಚಿನ ಮೇಲೆ ಹೋಗಿ ಕೂತ.

ಮೊದಲು ನಾಲ್ಕು ಪ್ಲಗ್ಗು ಬಿಚ್ಚಿದೆ. ಪೆಟ್ರೋಲು ಹೆಚ್ಚು ಕುಡಿಯುವ ಇಂಜಿನ್ನಿನ ಪ್ಲಗ್ಗು ಕಾಡಿಗೆ ಹಿಡಿದು ಕಪ್ಪಗಿರುತ್ತದೆ. ಇವು ನಾಲ್ಕೂ ಬಿಸ್ಕತ್ತಿನ ಬಣ್ಣಕ್ಕಿದ್ದವು. ಅಲ್ಲೇ ನನಗೆ ಅರ್ಧ ಉತ್ಸಾಹ ಇಳಿಯಿತು. ಆದರೂ ಬಿಡಲಿಲ್ಲ. ಏರ್ ಕ್ಲೀನರ್ ತೊಳೆದೆ. ಪಾಯಿಂಟ್ ಉಜ್ಜಿ ಗ್ಯಾಪು ಸರಿಮಾಡಿ ಟೈಮಿಂಗ್ ಕೂರಿಸಿದೆ. ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದೆ. ಒಳಗೆ ಪೆಟ್ರೋಲು ಸೇರಿದ್ದರೆ ಸದ್ದಾಗುತ್ತದೆ. ಆಗಲಿಲ್ಲ. ಚೋಕ್ ಎಳೆದು ಬಿಟ್ಟರೆ ಪೂರಾ ಹಿಂದಕ್ಕೆ ಹೋಗುತ್ತಿತ್ತು. ಪಂಪಿನಿಂದ ಹಿಡಿದು ಟ್ಯಾಂಕಿನವರೆಗೆ ಪೈಪಿನ ಉದ್ದಕ್ಕೂ ಬಿಳಿ ಬಟ್ಟೆಯಲ್ಲಿ ಒರೆಸಿ ಮೂಸಿದೆ. ಎಲ್ಲೂ ಒಂದು ತೊಟ್ಟು ಸೋರಿಕೆಯಿಲ್ಲ.

ಮಧ್ಯಾಹ್ನದ ಮೇಲೆ ಜಾಕ್ ಕೊಟ್ಟು ಒಂದೊಂದೇ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದೆ. ಮೂರು ಸಲೀಸಾಗಿ ತಿರುಗಿದವು. ಹಿಂದಿನ ಎಡಗಡೆಯದು ಅರ್ಧ ಸುತ್ತಿಗೇ ನಿಂತಿತು. ಡ್ರಮ್ ಬಿಚ್ಚಿದರೆ ಬ್ರೇಕ್ ಲೈನರು ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬ್ರೇಕ್ ಹಿಡಿದುಕೊಂಡೇ ಗಾಡಿ ಓಡುತ್ತಿತ್ತು. ಟೈರುಗಳಲ್ಲಿ ಗಾಳಿ ಇರಬೇಕಾದ್ದಕ್ಕಿಂತ ಎಷ್ಟೋ ಕಡಿಮೆ. ಡಿಕ್ಕಿ ತೆಗೆದರೆ ಅಲ್ಲೊಂದು ಗೋಣಿಚೀಲ, ಇಬ್ಬರು ಹಿಡಿದು ಎತ್ತಬೇಕಾದಷ್ಟು ಭಾರ.

ಸಂಜೆ ಯಜಮಾನರು ಬಂದಾಗ ಕೇಳಿದೆ. "ಯಜಮಾನ್ರೇ, ಶೆಡ್ಡಲ್ಲಿ ಹದಿನಾರು ಮಗ್ಗ ಇರೋದು ಸಾಲ್ದು ಅಂತ ಕಾರಲ್ಲೂ ಒಂದು ಇಟ್ಕೊಂಡಿದೀರಾ?"

"ಮಗ್ಗದ ಹಲ್ಲಿನ ಚಕ್ರ ಕಣಯ್ಯ, ಹಳೇವು. ಬೆಂಗಳೂರಲ್ಲಿ ಕೊಟ್ಟು ಬೇರೆ ತರೋಣ ಅಂತ ಹಾಕಿದ್ದೆ. ಮರ್ತೇಹೋಯ್ತು."

ಚೀಲ ಇಳಿಸಿದೆವು. ಮಂಗಳವಾರ ಬ್ರೇಕು ಸರಿಮಾಡಿ, ಗಾಳಿ ತುಂಬಿಸಿ, ಗಾಡಿ ಕೊಟ್ಟೆ. ಮೈಲೇಜು ಬೀಳಲು ಒಂದಲ್ಲ ಮೂರು ಕಾರಣ ಸಿಕ್ಕಿದ್ದವು. ಹತ್ತು ಬಂದೇ ಬರುತ್ತದೆ ಎಂದು ಧೈರ್ಯವಾಗಿ ಹೇಳಿದೆ. ಡ್ರೈವರ್ ಮುಖದಲ್ಲಿ ಆ ಎರಡು ದಿನದಲ್ಲಿ ಮೊದಲ ಸಲ ನಗು ಕಂಡೆ.

ಬುಧವಾರ ಅವರು ಚಿಕ್ಕಪೇಟೆಗೆ ಹೋಗಿಬಂದರು. ಗುರುವಾರ ಬೆಳಿಗ್ಗೆ ಯಜಮಾನರು ನೋಟ್‌ಬುಕ್ಕು ಬಿಚ್ಚಿ ನನ್ನ ಮುಂದೆ ಹಿಡಿದರು. ಎಂಟೂವರೆ.

ಎಂಟರಿಂದ ಎಂಟೂವರೆ. ಬ್ರೇಕು, ಗಾಳಿ, ಆ ಚೀಲ, ಎಲ್ಲ ಸೇರಿ ಬಂದದ್ದು ಅರ್ಧ ಕಿಲೋಮೀಟರು. ಉಳಿದ ಒಂದೂವರೆ ಎಲ್ಲಿ ಹೋಯಿತು ಎಂದು ನನಗೆ ತಿಳಿಯಲಿಲ್ಲ. ತಿಳಿಯದೆ ಇದ್ದಾಗ ನನಗೆ ಬರುವುದು ಸಿಟ್ಟು. ಆ ಸಿಟ್ಟು ಡ್ರೈವರ್ ಮೇಲೆ ತಿರುಗಿತು. ನನ್ನ ಕೆಲಸವನ್ನು ಇವನು ಸುಳ್ಳು ಮಾಡುತ್ತಿದ್ದಾನೆ ಅನ್ನಿಸಿತು.

"ಬಾಟ್ಲಿ ಕಟ್ಟಿ ನೋಡಿಬಿಡ್ತೀನಿ," ಎಂದೆ.

ಇದು ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳಿಕೊಟ್ಟ ಪರೀಕ್ಷೆ. ಟ್ಯಾಂಕಿನ ಪೈಪನ್ನು ಪಂಪಿನಿಂದ ಬಿಡಿಸಿ, ಅಳೆದು ಒಂದು ಲೀಟರ್ ಪೆಟ್ರೋಲು ಹಾಕಿದ ಬಾಟಲಿಯನ್ನು ಬಾನೆಟ್ಟಿನೊಳಗೆ ಭದ್ರವಾಗಿ ಕಟ್ಟಿ, ಅದರ ಟ್ಯೂಬನ್ನು ಪಂಪಿಗೆ ಸಿಕ್ಕಿಸುವುದು. ಒಂದು ಮೈಲಿಗಲ್ಲಿನ ಪಕ್ಕದಿಂದ ಹೊರಟು, ಬಾಟಲಿ ಖಾಲಿಯಾಗಿ ಗಾಡಿ ತಾನಾಗಿ ನಿಲ್ಲುವವರೆಗೆ ಕಲ್ಲು ಎಣಿಸುತ್ತ ಹೋಗುವುದು. ಆಮೇಲೆ ಇನ್ನೊಂದು ಲೀಟರ್ ಹಾಕಿ ಅದೇ ದಾರಿಯಲ್ಲಿ ವಾಪಸ್ಸು, ಏರು ಇಳಿಜಾರು ಸರಿಹೋಗಲಿ ಎಂದು. ಮೀಟರಿನ ಗೊಡವೆಗೆ ಹೋಗಬೇಡ, ಕಲ್ಲನ್ನು ನಂಬು ಎಂದು ಆ ಮೇಸ್ತ್ರಿ ಹೇಳುತ್ತಿದ್ದರು. ನಾನು ಹಾಗೇ ನಡೆದುಕೊಂಡು ಬಂದಿದ್ದೆ.

ಡ್ರೈವರ್ ಹತ್ತಿರ ಬಂದು "ನಾನೂ ಜೊತೇಲಿ ಬರ್ಲಾ, ಮೇಸ್ತ್ರಿ?" ಎಂದ.

"ಬೇಡ."

ಒಬ್ಬನೇ ಹೊರಟೆ. ಊರು ದಾಟಿ ಯಲಹಂಕದ ರಸ್ತೆಗೆ ಬಿದ್ದ ಮೇಲೆ ಮುಳ್ಳನ್ನು ಐವತ್ತರಲ್ಲಿ ಇಟ್ಟುಕೊಂಡೆ. ಐವತ್ತಕ್ಕೇ ಗಾಡಿ ಜೋರಾಗಿ ಓಡುತ್ತಿದೆ ಅನ್ನಿಸಿತು. ರಸ್ತೆ ಬದಿಯ ಮರಗಳು ಬೇಗ ಬೇಗ ಹಿಂದೆ ಸರಿದವು, ಮುಂದಿದ್ದ ಒಂದು ಬಸ್ಸನ್ನು ಸಲೀಸಾಗಿ ಹಿಂದೆ ಹಾಕಿದೆ. ಎಷ್ಟು ಚೆನ್ನಾಗಿ ಟ್ಯೂನಿಂಗ್ ಮಾಡಿದ್ದೀನಿ ಎಂದು ಒಳಗೊಳಗೇ ಬೀಗಿದೆ. ಒಂದು, ಎರಡು, ಮೂರು ಎಂದು ಬಾಯಿಬಿಟ್ಟು ಎಣಿಸುತ್ತ ಹೋದೆ. ರಾಜಾನುಕುಂಟೆಯ ಕಡೆ ಹತ್ತನೇ ಕಲ್ಲು ದಾಟಿ ಇನ್ನೂ ಸ್ವಲ್ಪ ಮುಂದೆ ಹೋಗಿ ಇಂಜಿನ್ ಎರಡು ಸಲ ಜಗ್ಗಿ ನಿಂತಿತು. ವಾಪಸ್ಸು ಬರುವಾಗಲೂ ಹತ್ತೇ ಕಲ್ಲು.

ಗಾಡಿ ಹತ್ತು ಕೊಡುತ್ತಿದೆ. ನೋಟ್‌ಬುಕ್ಕು ಎಂಟೂವರೆ ಹೇಳುತ್ತಿದೆ. ನಡುವಿನದನ್ನು ಯಾರೋ ತೆಗೆಯುತ್ತಿದ್ದಾರೆ. ನನಗೆ ಬೇರೆ ಯಾವ ಅರ್ಥವೂ ಹೊಳೆಯಲಿಲ್ಲ.

ನಾನು ಬರುವ ಹೊತ್ತಿಗೆ ಗ್ಯಾರೇಜಿನ ಮುಂದೆ ಯಜಮಾನರು ಕಾಯುತ್ತಿದ್ದರು. ಪಂಕ್ಚರ್ ಅಂಗಡಿಯವನಿದ್ದ, ಟೀ ಕುಡಿಯುತ್ತ ಇಬ್ಬರು ಲಾರಿಯವರಿದ್ದರು. ಡ್ರೈವರ್ ಬೆಂಚಿನಿಂದ ಎದ್ದು ನಿಂತ. ನಾನು ಇಳಿದು, ಕೈ ಒರೆಸಿಕೊಂಡು, ಎಲ್ಲರಿಗೂ ಕೇಳುವ ಹಾಗೇ ಹೇಳಿದೆ.

"ಗಾಡಿ ಬಂಗಾರ, ಯಜಮಾನ್ರೇ. ಹೋಗ್ತಾನೂ ಹತ್ತು, ಬರ್ತಾನೂ ಹತ್ತು. ಗಾಡೀಲಿ ಏನೂ ದೋಷ ಇಲ್ಲ."

"ಗಾಡೀಲಿ ಇಲ್ಲ ಅಂದ್ರೆ ಮತ್ತೆ ಎಲ್ಲೈತೆ?"

ಬಾಯಲ್ಲಿ ನಾನು ಏನೂ ಹೇಳಲಿಲ್ಲ. ಡ್ರೈವರ್ ಕಡೆ ತಿರುಗಿ ನೋಡಿದೆ. ಅಲ್ಲಿದ್ದವರೆಲ್ಲ ಅತ್ತಲೇ ನೋಡಿದರು.

ಆತ ಜಗಳಕ್ಕೆ ಬರಲಿಲ್ಲ. ತನ್ನ ಹತ್ತಿರ ಇದ್ದ ಇನ್ನೊಂದು ಕೀಲಿಯನ್ನು ಜೇಬಿನಿಂದ ತೆಗೆದು ಬಾನೆಟ್ಟಿನ ಮೇಲೆ ಇಟ್ಟ. "ನಾನು ಮುಟ್ಟಿಲ್ಲ, ಯಜಮಾನ್ರೇ," ಎಂದು ಹೇಳಿ, ಸೊಂಟದ ಮೇಲೆ ಒಂದು ಕೈ ಇಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ. ನಾನು ಮನೆಗೆ ಹೋಗಿ ಹೊಟ್ಟೆ ತುಂಬ ಮುದ್ದೆ ಉಂಡೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಉಂಡದ್ದು ನಿಜ.

ಶನಿವಾರ ಬೆಳಿಗ್ಗೆ ಒಂದು ಸ್ಕೂಟರಿನ ಕಾರ್ಬುರೇಟರ್ ತೊಳೆಯುತ್ತ ಕೂತಿದ್ದೆ. ಡ್ರೈವರ್ ಬಂದ. ಸೋಮವಾರ ಕಾರು ಖಾಲಿ ಮಾಡುವಾಗ ನಾನು ತೆಗೆದಿಟ್ಟಿದ್ದ ಆತನ ಟವೆಲ್ಲು, ಸೊಂಟಕ್ಕೆ ಕೊಟ್ಟುಕೊಳ್ಳುತ್ತಿದ್ದ ದಿಂಬು ನನ್ನ ಶೆಡ್ಡಿನಲ್ಲೇ ಉಳಿದಿದ್ದವು. ಅವನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ.

"ಇಪ್ಪತ್ತು ವರ್ಷ ಲಾರಿ ಓಡಿಸ್ದೆ, ಮೇಸ್ತ್ರಿ. ಡೀಸೆಲ್ ತೆಗೆದ ಅಂತ ಒಬ್ರೂ ಅಂದಿರ್ಲಿಲ್ಲ," ಎಂದ.

ನಾನು ಬ್ರಶ್ಶನ್ನು ಪೆಟ್ರೋಲಿನಲ್ಲಿ ಅದ್ದಿದೆ.

"ನಾನು ಮಾಡಿದ್ದು ಒಂದೇ ತಪ್ಪು. ಚಿಕ್ಕಪೇಟೆಗೆ ಹೋಗಿ ಬರೋಕೆ ಬರೀ ಎಪ್ಪತ್ತು ಕಿಲೋಮೀಟ್ರು, ನೇರ ದಾರಿ ಬಲ್ಲ ಅಂತ ಯಜಮಾನ್ರು ನನ್ನ ಹೊಗಳ್ತಿದ್ರು. ನಂಗೆ ಯಾವ ನೇರ ದಾರೀನೂ ಗೊತ್ತಿಲ್ಲ. ಬಸ್ಸು ಹೋಗೋ ರಸ್ತೇಲೇ ಹೋಗಿ ಬಸ್ಸು ಬರೋ ರಸ್ತೇಲೇ ಬಂದಿದೀನಿ. ಹೊಸಬ ನಾನು, ಹೊಗಳ್ಕೊಳ್ಲಿ ಬಿಡು ಅಂತ ಸುಮ್ನಿದ್ದೆ."

ಹೇಳಿ ಹೊರಟುಹೋದ. ನಾನು ಸ್ವಲ್ಪ ಹೊತ್ತು ಕಾರ್ಬುರೇಟರ್ ತೊಳೆಯುತ್ತಲೇ ಇದ್ದೆ. ಆಮೇಲೆ ಕೈ ನಿಂತಿತು.

ಸ್ಪೇರ್ ಪಾರ್ಟ್ಸ್ ತರಲು ನಾನೂ ತಿಂಗಳಿಗೆ ನಾಲ್ಕು ಸಲ ಬೆಂಗಳೂರಿಗೆ ಹೋಗಿಬರುವವನು. ಬಸ್ಸಿನ ರಸ್ತೆಯಲ್ಲಿ ಹೋಗಿ ಬಸ್ಸಿನ ರಸ್ತೆಯಲ್ಲಿ ಬಂದರೆ ಯಾರು ಹೇಗೆ ಎಣಿಸಿದರೂ ಎಂಬತ್ತು ದಾಟುತ್ತದೆ. ಎಪ್ಪತ್ತರಲ್ಲಿ ಮುಗಿಯಬೇಕಾದರೆ ರಸ್ತೆಯೇ ಕುಗ್ಗಬೇಕು. ನಾನು ಬಾಟಲಿ ಕಟ್ಟಿ ಎಣಿಸಿದ್ದು ಕಲ್ಲನ್ನು. ಯಜಮಾನರು ಬರೆದುಕೊಂಡದ್ದು ಮೀಟರನ್ನು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕೆಂದು ನನಗೆ ತೋಚಲೇ ಇಲ್ಲ. ಬಾಟಲಿ ಕಟ್ಟಿ ಓಡಿಸಿದ ದಿನ ಒಂದೇ ಒಂದು ಸಲ ಮೀಟರಿನ ಕಡೆ ಕಣ್ಣು ಹಾಯಿಸಿದ್ದರೆ ಸಾಕಿತ್ತು.

ಮೀಟರು ಕಡಿಮೆ ತೋರಿಸುತ್ತಿತ್ತು. ಆ ಮೀಟರನ್ನು ರಿಪೇರಿ ಮಾಡಿದವನು ನಾನು.

ಕಾರಿನ ಗೇರ್‌ಬಾಕ್ಸಿನ ಹಿಂಬದಿಯಲ್ಲಿ, ಮೀಟರಿಗೆ ಹೋಗುವ ಕೇಬಲ್ಲಿನ ತುದಿಗೆ, ಹೆಬ್ಬೆರಳ ಉಗುರಿನಷ್ಟು ಅಗಲದ ಒಂದು ಹಲ್ಲಿನ ಚಕ್ರ ಇರುತ್ತದೆ. ಪಿನಿಯನ್ ಎನ್ನುತ್ತೇವೆ. ಗೇರ್‌ಬಾಕ್ಸು ಒಂದೊಂದೇ ಹಲ್ಲು ತಳ್ಳಿ ಅದನ್ನು ತಿರುಗಿಸುತ್ತದೆ, ಅದು ತಿರುಗಿದಷ್ಟು ಮೀಟರು ಓಡುತ್ತದೆ. ಅದರ ಹಲ್ಲು ಮುರಿದೇ ಮೀಟರು ನಿಂತಿದ್ದದ್ದು. ಅಂಗಡಿಗಳಲ್ಲಿ ಹೊಸದು ಸಿಗದೆ, ಬೆಂಗಳೂರಿನ ಗುಜರಿ ಅಂಗಡಿಯೊಂದರಲ್ಲಿ ಹಳೆಯದೊಂದನ್ನು ಹುಡುಕಿ ತಂದಿದ್ದೆ. "ಎಲ್ಲಾ ಒಂದೇ ಗುರು, ಕೂತ್ಕೊಳ್ತದೆ" ಎಂದಿದ್ದ ಆ ಗುಜರಿಯವನು. ಕೂತುಕೊಂಡಿತು. ಕೂತದ್ದೇ ಸಾಕೆಂದು ಹಾಕಿ ಮುಗಿಸಿದ್ದೆ. ಕಾಲು ಗಂಟೆಯ ಕೆಲಸ. ಏಳು ವರ್ಷದಲ್ಲಿ ಆ ಗಾಡಿಗೆ ಮಾಡಿದ ಕೆಲಸಗಳಲ್ಲಿ ನೆನಪಿಟ್ಟುಕೊಳ್ಳುವಂಥದ್ದೇ ಅಲ್ಲ.

ಬಿಚ್ಚಿದ ಸಾಮಾನನ್ನು ನಾನು ಎಸೆಯುವುದಿಲ್ಲ. ಡಾಲ್ಡಾ ಡಬ್ಬಗಳಲ್ಲಿ ತುಂಬಿಡುತ್ತೇನೆ. ಮೂರು ಡಬ್ಬ ಗೋಣಿಯ ಮೇಲೆ ಸುರಿದು ಕೆದಕಿದ ಮೇಲೆ ಆ ಹಳೆಯ ಪಿನಿಯನ್ ಸಿಕ್ಕಿತು. ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಮುರಿದವುಗಳ ಬುಡವನ್ನೂ ಸೇರಿಸಿ ಎಣಿಸಿದೆ. ಹನ್ನೆರಡು.

ಅದನ್ನು ಜೇಬಿಗೆ ಹಾಕಿಕೊಂಡು ಸೈಕಲ್ ಹತ್ತಿ ಯಜಮಾನರ ಮನೆಗೆ ಹೋದೆ. ಡ್ರೈವರ್ ಇಲ್ಲದೆ ಕಾರು ಮಗ್ಗದ ಶೆಡ್ಡಿನ ಪಕ್ಕ ನಿಂತಿತ್ತು. ಬ್ರೇಕು ಇನ್ನೊಂದು ಸಲ ನೋಡಬೇಕೆಂದು ಸುಳ್ಳು ಹೇಳಿ ಚಾಪೆ ಹಾಸಿಕೊಂಡು ಕಾರಿನಡಿಗೆ ನುಸುಳಿದೆ. ಕೇಬಲ್ ಬಿಡಿಸಿ ಪಿನಿಯನ್ ಎಳೆದೆ. ಎಣ್ಣೆ ಒರೆಸಿ, ಮಲಗಿದಲ್ಲೇ ಎಣಿಸಿದೆ. ಹದಿನಾಲ್ಕು. ನಂಬಿಕೆಯಾಗದೆ ಮತ್ತೆ ಎಣಿಸಿದೆ. ಹದಿನಾಲ್ಕೇ. ಎರಡು ಹಲ್ಲು ಜಾಸ್ತಿಯಾಗಿ ಅದು ಮೆಲ್ಲಗೆ ತಿರುಗುತ್ತಿತ್ತು. ಗಾಡಿ ಹದಿನಾಲ್ಕು ಕಿಲೋಮೀಟರು ಓಡಿದರೆ ಮೀಟರು ಹನ್ನೆರಡು ಎನ್ನುತ್ತಿತ್ತು. ಎಂಬತ್ತೆರಡು ಓಡಿದರೆ ಎಪ್ಪತ್ತು. ಲೀಟರಿಗೆ ಹತ್ತು ಕೊಟ್ಟರೆ ಎಂಟೂವರೆ.

ಅಲ್ಲೇ ಮಲಗಿಕೊಂಡಿದ್ದೆ. ಗೋಡೆಯ ಆಚೆ ಹದಿನಾರು ಮಗ್ಗಗಳು ಓಡುತ್ತಿದ್ದವು, ಅವುಗಳ ಏಟು ನೆಲದಿಂದ ಬೆನ್ನಿಗೆ ತಗಲುತ್ತಿತ್ತು. ಮೊದಲು ಬಂದ ಯೋಚನೆ ಏನೆಂದು ಮುಚ್ಚಿಡುವುದಿಲ್ಲ. ಹನ್ನೆರಡು ಹಲ್ಲಿನದೊಂದು ಹುಡುಕಿ ತಂದು ಸದ್ದಿಲ್ಲದೆ ಹಾಕಿಬಿಡೋಣ ಅಂದುಕೊಂಡೆ. ಯಾರಿಗೂ ಗೊತ್ತಾಗುವುದಿಲ್ಲ. ಮುಂದಿನ ವಾರ ನೋಟ್‌ಬುಕ್ಕಿನಲ್ಲಿ ಹತ್ತು ಬರುತ್ತದೆ. ಯಜಮಾನರು ಖುಷಿಯಾಗುತ್ತಾರೆ, ನನ್ನ ಹೆಸರೂ ಉಳಿಯುತ್ತದೆ.

ಆಮೇಲೆ ಹೊಳೆಯಿತು. ಆ ಹತ್ತನ್ನು ನೋಡಿ ಯಜಮಾನರು ಏನೆನ್ನುತ್ತಾರೆ? ಅವನು ಹೋದ, ಮೈಲೇಜು ಬಂತು ಎನ್ನುತ್ತಾರೆ. ಇಷ್ಟು ದಿನ ಅನುಮಾನವಾಗಿದ್ದದ್ದು ಅವತ್ತಿನಿಂದ ರುಜುವಾತಾಗುತ್ತದೆ. ನಾನು ಸರಿಮಾಡುವ ಪಿನಿಯನ್ನೇ ಆ ಮನುಷ್ಯನ ಮೇಲೆ ಸಾಯುವವರೆಗೆ ಸಾಕ್ಷಿ ಹೇಳುತ್ತದೆ. ಅದನ್ನು ನೆನೆದು ನಿಜಕ್ಕೂ ಹೆದರಿಕೆಯಾಯಿತು. ಗುರುವಾರ ನಾನು ಆತನ ಕಡೆ ತಿರುಗಿ ನೋಡಿದ್ದು ಗೊತ್ತಿಲ್ಲದೆ. ಇದು ಗೊತ್ತಿದ್ದು ಮಾಡುವುದು. ಕಾರಿನಡಿಯಿಂದ ಹೊರಗೆ ಬಂದು, ಎರಡು ಪಿನಿಯನ್ನನ್ನೂ ಅಂಗೈಯಲ್ಲಿ ಇಟ್ಟುಕೊಂಡು ಮಗ್ಗದ ಶೆಡ್ಡಿಗೆ ಹೋದೆ.

ಒಳಗೆ ಮಾತು ಕೇಳಿಸುವುದಿಲ್ಲ. ಕೈಸನ್ನೆ ಮಾಡಿ ಯಜಮಾನರನ್ನು ಬಾಗಿಲ ಹೊರಗೆ ಕರೆದೆ.

"ಯಜಮಾನ್ರೇ, ಅವ್ನು ಪೆಟ್ರೋಲು ಮುಟ್ಟಿಲ್ಲ. ತಪ್ಪು ನಂದು. ಮೀಟ್ರಿಗೆ ನಾನು ಹಾಕಿದ ಚಕ್ರ ತಪ್ಪು. ಹನ್ನೆರಡು ಹಲ್ಲು ಇರಬೇಕಾಗಿತ್ತು, ಹದಿನಾಲ್ಕರದ್ದು ಹಾಕ್ಬಿಟ್ಟೆ."

ಅವರಿಗೆ ಬಿಡಿಸಿ ಹೇಳಬೇಕಾಗುತ್ತದೆ ಅಂದುಕೊಂಡಿದ್ದೆ. ಬೇಕಾಗಲಿಲ್ಲ. ಎರಡನ್ನೂ ತೆಗೆದುಕೊಂಡು, ಉಗುರಿನಿಂದ ಒಂದೊಂದೇ ಹಲ್ಲು ಮುಟ್ಟುತ್ತ ಎಣಿಸಿದರು. ನನಗಿಂತ ಬೇಗ ಎಣಿಸಿದರು. ಆಮೇಲೆ ಬಾಗಿಲ ಪಕ್ಕದ ಮಗ್ಗದ ಕಡೆ ನೋಡಿದರು.

"ಸೀರೆ ಸುತ್ಕೊಳ್ಳೋ ರೋಲಿಗೂ ಇಂಥದ್ದೇ ಒಂದು ಚಕ್ರ ಐತೆ," ಎಂದರು. "ಎರಡು ಹಲ್ಲು ಜಾಸ್ತಿ ಇರೋದು ಹಾಕಿದ್ರೆ ಬಟ್ಟೆ ಮೆಲ್ಲಗೆ ಸುತ್ಕೊಳ್ತದೆ. ಇಂಚಿಗೆ ಎಳೆ ಜಾಸ್ತಿ ಬೀಳ್ತದೆ, ಸೀರೆಗೆ ರೇಷ್ಮೆ ಜಾಸ್ತಿ ಹೋಗ್ತದೆ. ತೂಕಕ್ಕೆ ಕೊಟ್ಟ ರೇಷ್ಮೆ ಕಮ್ಮಿ ಬಂತು ಅಂದ್ರೆ ನಾವು ಮೊದಲು ನೇಯೋನ್ನ ಕೇಳ್ತೀವಿ. ಚಕ್ರ ಬಿಚ್ಚಿ ನೋಡಲ್ಲ."

ಎರಡು ಪಿನಿಯನ್ನನ್ನೂ ನನ್ನ ಕೈಗೆ ವಾಪಸ್ಸು ಕೊಟ್ಟರು.

"ಇದ್ನ ನೀನು ಹೇಳ್ದೆ ಬದಲಾಯಿಸಿದ್ರೆ ನಂಗೆ ಗೊತ್ತಾಗ್ತಿತ್ತಾ?"

"ಇಲ್ಲ, ಯಜಮಾನ್ರೇ."

"ನಾಳೆ ಹೋಗೋಣ ನಡಿ. ಗಾಡಿ ನೀನೇ ಓಡ್ಸು."

ಭಾನುವಾರ ಬೆಳಿಗ್ಗೆ ಹೊರಟೆವು. ಮೀಟರಿನ ಕೇಬಲ್ ಹಾಗೇ ಬಿಚ್ಚಿಟ್ಟಿದ್ದೆ, ಮುಳ್ಳು ಸೊನ್ನೆಯಲ್ಲಿ ಮಲಗಿತ್ತು. ಕುಂದಾಣದ ಹತ್ತಿರ ರಸ್ತೆ ಬಿಟ್ಟು ಹಳ್ಳಿಯ ದಾರಿಗೆ ತಿರುಗಿದೆವು. ಹಳ್ಳಿಯಲ್ಲಿ ಕೇಳಿಕೊಂಡು ಮನೆ ಹುಡುಕಿದೆವು. ಡ್ರೈವರ್ ದನದ ಕೊಟ್ಟಿಗೆಗೆ ಹುಲ್ಲು ಹಾಕುತ್ತಿದ್ದ. ಕಾರು ನೋಡಿ ಕೈ ಕೊಡವಿಕೊಂಡು ಬಂದ. ಯಜಮಾನರು ಬಂದಿದ್ದಾರೆಂದು ಒಳಗಿನಿಂದ ಚಾಪೆ ತಂದು ಜಗುಲಿಯ ಮೇಲೆ ಹಾಸಿದ. ಹೆಂಡತಿಗೆ ಕಾಫಿ ಇಡಲು ಹೇಳಿದ.

ನಾನು ನಿಂತೇ ಹೇಳಿದೆ. ಎರಡೂ ಪಿನಿಯನ್ ತೋರಿಸಿದೆ. ಆತ ಕೈಗೆ ತೆಗೆದುಕೊಳ್ಳದೆ ದೂರದಿಂದಲೇ ನೋಡಿದ.

"ತಪ್ಪಾಯ್ತು ಕಣಪ್ಪ," ಎಂದರು ಯಜಮಾನರು. "ನಾಳೆಯಿಂದ ಬಂದ್ಬಿಡು."

"ನಿಮ್ಮ ಮೇಲೆ ಬೇಜಾರಿಲ್ಲ, ಯಜಮಾನ್ರೇ. ನೀವು ಗಾಡಿ ಬಲ್ಲೋರಲ್ಲ." ನನ್ನ ಕಡೆ ತಿರುಗಿದ. "ಇವ್ರು ಬಲ್ಲೋರು. ಮೇಸ್ತ್ರಿ, ಗಾಡೀಲಿ ದೋಷ ಇಲ್ಲ ಅಂತ ನೀವು ಎಲ್ಲಿ ನಿಂತು ಹೇಳಿದ್ರಿ?"

"ಗ್ಯಾರೇಜ್ ಮುಂದೆ."

"ಯಾರ್ಯಾರಿದ್ರು?"

ಹೇಳಿದೆ.

"ಇದ್ನೂ ಅಲ್ಲೇ ನಿಂತು ಅವ್ರ ಮುಂದೇನೇ ಹೇಳಿ. ಆಮೇಲೆ ಬಂದು ಕೀಲಿ ತಗೋತೀನಿ."

ಕಾಫಿ ಬಂತು. ಮೂವರೂ ಕುಡಿದೆವು. ಇಷ್ಟು ದಿನ ಮೇಸ್ತ್ರಿ ಎಂದು ಕರೆಸಿಕೊಂಡ ನನಗೆ ಆ ಲೋಟ ಮುಗಿಸುವುದು ಬಲು ಕಷ್ಟವಾಯಿತು.

ಸೋಮವಾರ ಬೆಳಿಗ್ಗೆ ಪಂಕ್ಚರ್ ಅಂಗಡಿಯವನನ್ನು ಕರೆದೆ. ಆ ಇಬ್ಬರು ಲಾರಿಯವರು ಟೀ ಕುಡಿಯಲು ಬರುವ ಹೊತ್ತು ನೋಡಿ ಅವರನ್ನೂ ನಿಲ್ಲಿಸಿಕೊಂಡೆ. ಯಜಮಾನರು ಬಂದು, ಹಿಂದಿನ ದಿನದಿಂದ ಅಲ್ಲೇ ನಿಂತಿದ್ದ ಕಾರಿನ ಬಾನೆಟ್ಟಿನ ಮೇಲೆ ಕೀಲಿ ಇಟ್ಟರು. ಡ್ರೈವರ್ ಬಸ್ಸಿನಿಂದ ಇಳಿದು ಬಂದು ಗುರುವಾರ ನಿಂತಿದ್ದ ಜಾಗದಲ್ಲೇ ನಿಂತ. ಗಾಡಿಯಲ್ಲಿ ದೋಷ ಇತ್ತು, ಅದನ್ನು ಹಾಕಿದವನು ನಾನು, ಹಲ್ಲು ಎಣಿಸದೆ ಹಾಕಿದೆ, ಇವರು ಒಂದು ತೊಟ್ಟೂ ಮುಟ್ಟಿಲ್ಲ ಎಂದು ಹೇಳಿದೆ. ಹೇಳುವಾಗ ಸ್ವರ ಸಣ್ಣದಾಯಿತು. ಲಾರಿಯವನೊಬ್ಬ ಕೇಳಿಸಲಿಲ್ಲ ಎಂದ. ಇನ್ನೊಂದು ಸಲ ಹೇಳಿದೆ.

ಡ್ರೈವರ್ ಬಾನೆಟ್ಟಿನ ಮೇಲಿನ ಕೀಲಿ ತೆಗೆದುಕೊಂಡ.

ಅದಾದ ಮೇಲೆ ಇಬ್ಬರು ಗಿರಾಕಿಗಳು ನನ್ನ ಗ್ಯಾರೇಜಿಗೆ ಬರುವುದು ಬಿಟ್ಟರು. ಪಂಕ್ಚರ್ ಅಂಗಡಿಯವನು ವರ್ಷವೆಲ್ಲ ನನ್ನನ್ನು ಆಡಿಕೊಂಡ. ಹನ್ನೆರಡು ಹಲ್ಲಿನ ಪಿನಿಯನ್ ಸಿಗಲು ಎರಡು ವಾರ ಹಿಡಿಯಿತು. ಅಲ್ಲಿಯವರೆಗೆ ಯಜಮಾನರು ಮೀಟರಿಲ್ಲದ ಕಾರಿನಲ್ಲೇ ಓಡಾಡಿದರು, ನೋಟ್‌ಬುಕ್ಕಿನಲ್ಲಿ ಏನೂ ಬರೆಯಲಿಲ್ಲ. ಸಿಕ್ಕಿದ ಮೇಲೆ ಬರೆದ ಮೊದಲ ಲೆಕ್ಕ ಹತ್ತಕ್ಕೆ ಒಂದು ಕೂದಲೆಳೆ ಕಡಿಮೆ ಬಂತು. ಚಿಕ್ಕಪೇಟೆ ಮತ್ತೆ ಎಂಬತ್ತೆರಡು ಕಿಲೋಮೀಟರ್ ದೂರಕ್ಕೆ ಹೋಯಿತು.

ಡ್ರೈವರ್ ಆ ಮನೆಯಲ್ಲಿ ಒಂಬತ್ತು ವರ್ಷ ಇದ್ದ. ಸರ್ವಿಸಿಗೆ ಗಾಡಿ ತಂದಾಗಲೆಲ್ಲ ಬೆಂಚಿನ ಮೇಲೆ ಕೂರದೆ ನನ್ನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ನಾನು ಹೊಸ ಸಾಮಾನು ಯಾವುದು ಕೈಗೆತ್ತಿಕೊಂಡರೂ, ಅದು ಬ್ರೇಕ್ ಲೈನರೇ ಆಗಲಿ, ಹೆಡ್‌ಲೈಟಿನ ಬಲ್ಬೇ ಆಗಲಿ, ನಗದೆ ಕೇಳುತ್ತಿದ್ದ.

"ಹಲ್ಲು ಎಣಿಸಿದ್ರಾ, ಮೇಸ್ತ್ರಿ?"

ಮೊದಮೊದಲು ತಲೆ ತಗ್ಗಿಸುತ್ತಿದ್ದೆ. ಆಮೇಲಾಮೇಲೆ, ಹಲ್ಲಿಲ್ಲದ ಸಾಮಾನಾದರೂ ಸರಿ, ಅವನ ಕೈಗೆ ಕೊಟ್ಟು ತೋರಿಸಿಯೇ ಹಾಕುತ್ತಿದ್ದೆ.